ಬುಧವಾರದ ಚೀಟಿ

ಕಾಣಿಯೂರು
೧೬-೧೧-೨೦೨೫, ಭಾನುವಾರ

ಪ್ರೀತಿಯ ಚಿನ್ನೂ,

ನಿನ್ನ ನಾಲ್ಕು ಮೆಸೇಜಿಗೂ ಉತ್ತರ ಕೊಡದೆ ಕುಳಿತವಳು ಇವತ್ತು ಒಮ್ಮೆಲೇ ಇಷ್ಟುದ್ದದ ಕಾಗದ ಬರೆಯುತ್ತಿದ್ದೇನೆ. ಬೇಸರ ಮಾಡಬೇಡ. ಫೋನಿನಲ್ಲಿ ನೀನು ಹಲೋ ಎಂದರೆ ಸಾಕು, ಹೇಳಬೇಕು ಅಂದುಕೊಂಡದ್ದೆಲ್ಲ ಒಳಗೇ ಉಳಿದು ನನ್ನ ಬಾಯಿಂದ ಬರೀ ಹ್ಞೂಂ, ಹ್ಞೂಂ ಬರುತ್ತದೆ. ಅದು ಎರಡನೇ ಕ್ಲಾಸಿನಿಂದಲೂ ನಿನಗೆ ಗೊತ್ತಿರುವ ವಿಷಯ. ಬರೆಯುವಾಗ ಮಾತ್ರ ನನಗೆ ಅಷ್ಟು ಹೆದರಿಕೆ ಇಲ್ಲ.

ನೀನು ಹೇಗಿದ್ದಿ? ದೇವಕಿಯಮ್ಮನ ಮಂಡಿ ನೋವು ಹೇಗಿದೆ? ಇಲ್ಲಿ ಸೌಖ್ಯ ಎಂದು ಬರೆಯಲು ನನಗೆ ಈಗಷ್ಟೇ ಧೈರ್ಯ ಬರುತ್ತಿದೆ. ಅಮ್ಮ ಎದ್ದು ಜಗಲಿಗೆ ಬರುತ್ತಾರೆ. ಗಂಜಿ ಸೇರುತ್ತದೆ. ಮೊನ್ನೆ ಉಪ್ಪಿನಕಾಯಿಯ ರಸ ನಾಲಿಗೆಗೆ ತಾಗಿಸಿ, ಉರಿಯುವುದಿಲ್ಲ ಎಂದು ತಾವೇ ಖುಷಿಪಟ್ಟರು. ಉದುರಿದ ಕೂದಲು ಸಣ್ಣದಾಗಿ ಬರಲು ಶುರುವಾಗಿದೆ. "ಆ ಕನ್ನಡಿ ಆಚೆ ಇಡು ಮಗಾ, ಅದ್ರಲ್ಲಿ ನನ್ನ ಅಜ್ಜಿ ಇಣುಕುದು ಕಾಣ್ತದೆ" ಎಂದು ನಗಾಡುತ್ತಾರೆ. ಬೀಡಿ ಎಲೆ ತುಂಬಿದ ತಡ್ಪೆ ಮಾತ್ರ ಮಡಿಲಲ್ಲಿ ಇಟ್ಟುಕೊಳ್ಳಬಾರದು ಎಂದು ಡಾಕ್ಟ್ರು ಹೇಳಿದ್ದಾರೆ. ಹಾಗಾಗಿ ಈಗ ಮನೆಯಲ್ಲಿ ಬೀಡಿ ಕಟ್ಟುವವಳು ನಾನೊಬ್ಬಳೇ.

ಮಾತ್ರೆಯ ಡಬ್ಬ ನನ್ನ ಕೈಗೆ ಸಿಗುವುದಿಲ್ಲ. ತಮ್ಮ ಸಂಪ್ರೀತ್ ಅದನ್ನು ತನ್ನ ಕಪಾಟಿನಲ್ಲಿಟ್ಟು ಬೀಗ ಹಾಕಿ ಕಡಬದ ಗ್ಯಾರೇಜಿಗೆ ಹೋಗುತ್ತಾನೆ. ಬೆಳಗಿನದ್ದು, ರಾತ್ರಿಯದ್ದು ಅವನೇ ಕೊಡುವುದು. ಮಧ್ಯಾಹ್ನದ ಒಂದು ಮಾತ್ರೆಯನ್ನು ಹೋಗುವಾಗ ಪಕ್ಕದ ಮನೆಯ ಉದಯಣ್ಣನ ಕೈಯಲ್ಲಿ ಕೊಟ್ಟು ಹೋಗುತ್ತಾನೆ. ಒಂದು ಗಂಟೆಗೆ ಉದಯಣ್ಣ ಬಂದು ಅಮ್ಮನ ಅಂಗೈಯಲ್ಲಿ ಅದನ್ನು ಇಡುತ್ತಾರೆ. ನಾನು ನೀರು ತಂದುಕೊಡುತ್ತೇನೆ. ನನ್ನ ಕೆಲಸ ಅಷ್ಟೇ. ಉದಯಣ್ಣ ತಮಾಷೆಗೆ, "ಮೂರು ಸಲ ಹತ್ತನೇ ಕ್ಲಾಸು ಫೇಲಾದ ನನ್ನಂಥವನಿಗೆ ಮದ್ದಿನ ಚಾರ್ಜು ಕೊಟ್ಟಿದ್ದಾನಲ್ಲ ಮಾರಾಯ್ತಿ ನಿನ್ನ ತಮ್ಮ!" ಎನ್ನುತ್ತಾರೆ. ಅವರಿಗೆ ನೋಯಿಸುವ ಮನಸ್ಸಿಲ್ಲ, ನನಗೆ ಗೊತ್ತು. ಅವರು ಹೋದ ಮೇಲೆ ನಾನು ಲೋಟ ತೊಳೆಯುತ್ತಾ ಸ್ವಲ್ಪ ಹೊತ್ತು ಹಿತ್ತಲಿನಲ್ಲೇ ಇರುತ್ತೇನೆ.

ಚಿನ್ನೂ, ನಾನು ಜಗಳಕ್ಕೆ ಬರೆಯುತ್ತಿಲ್ಲ. ಒಂದೇ ಒಂದು ಉಪಕಾರ ಕೇಳಲು ಬರೆಯುತ್ತಿದ್ದೇನೆ. ನೀನು ಒಮ್ಮೆ ನಮ್ಮ ಮನೆಗೆ ಬಂದು, ಅಮ್ಮನ ಎದುರು ಕುಳಿತು, "ಸೀತಕ್ಕ, ಚೀಟಿಯಲ್ಲಿ ದಿನಕ್ಕೊಂದು ಅಂತಲೇ ಬರೆದಿತ್ತು, ಪ್ರೀತಿ ಓದಿದ್ದು ಸರಿಯೇ" ಎಂದು ಹೇಳಬೇಕು. ಪ್ರಿನ್ಸಿಪಾಲರಿಗೆ ಹೇಳು ಎಂದು ನಾನು ಕೇಳುವುದಿಲ್ಲ. ಡಾಕ್ಟ್ರಿಗೂ ಬೇಡ. ಅಮ್ಮನಿಗೆ ಹೇಳಿದರೆ ಸಾಕು.

ಇದೆಲ್ಲ ಮುಗಿದ ಕಥೆ ಎಂದು ನಿನಗೆ ಅನಿಸಬಹುದು. ಆದರೆ ನನ್ನ ಕಡೆಯಿಂದ ಏನು ನಡೆಯಿತು ಎಂದು ನೀನು ಇದುವರೆಗೆ ಒಮ್ಮೆಯೂ ಕೇಳಲಿಲ್ಲ. ಆದ್ದರಿಂದ ಕೇಳದಿದ್ದರೂ ಬರೆಯುತ್ತೇನೆ.

ಅಪ್ಪ ತೀರಿಹೋದ ವರ್ಷ ನಾನು ಏಳನೇ ಕ್ಲಾಸು ಮುಗಿಸಿ ಶಾಲೆ ಬಿಟ್ಟೆ. ನೀನು ಹೈಸ್ಕೂಲಿಗೆ ಹೋದಿ. ಪ್ರತಿ ಶನಿವಾರ ಮಧ್ಯಾಹ್ನ ನೀನು ಯಜ್ಞೇಶ್ವರ ಮಾವನ ಸ್ಕೂಟರಿನ ಹಿಂದೆ ಕುಳಿತು ಬಂದು, ನಮ್ಮ ಗೇಟಿನ ಹತ್ತಿರ ಇಳಿದು, ಲೈಬ್ರರಿಯ ಎರಡು ಪುಸ್ತಕ ಕೊಟ್ಟು ಹಳೆಯ ಎರಡನ್ನು ತೆಗೆದುಕೊಂಡು ಹೋಗುತ್ತಿದ್ದಿ. ಐದು ವರ್ಷ ಒಂದು ಶನಿವಾರವೂ ನೀನು ತಪ್ಪಿಸಲಿಲ್ಲ. ದಪ್ಪದ ಕಾದಂಬರಿಯನ್ನು ನಾನು ಎರಡೇ ದಿನದಲ್ಲಿ ಮುಗಿಸಿದರೆ ನೀನು ನಂಬದೆ ನಡುವಿನ ಯಾವುದೋ ಪುಟ ತೆಗೆದು ಪರೀಕ್ಷೆ ಮಾಡುತ್ತಿದ್ದಿ. "ಹೇಳು, ಇಲ್ಲಿ ಆ ಹೆಂಗಸು ಬಾವಿ ಹತ್ರ ಎಂತ ಹೇಳಿದ್ಲು?" ನಾನು ಹೇಳುತ್ತಿದ್ದೆ. ನೀನು ನನ್ನ ತೋಳಿಗೆ ಹೊಡೆದು, "ಥೂ, ನಿನಗೆ ಎಲ್ಲ ಬಾಯಿಪಾಠ!" ಎನ್ನುತ್ತಿದ್ದಿ. ನಾನು ಹೇಗೆ ಓದುತ್ತೇನೆ ಎಂದು ಈ ಲೋಕದಲ್ಲಿ ಗೊತ್ತಿರುವವಳು ನೀನೊಬ್ಬಳೇ.

ಎರಡು ವರ್ಷದ ಹಿಂದೆ ಪುತ್ತೂರು ಬಸ್‌ಸ್ಟ್ಯಾಂಡಿನಲ್ಲಿ ನೀನು ಸಿಕ್ಕಿದ್ದು, ನೀನು ಪಾಠ ಮಾಡುವ ಫಾರ್ಮಸಿ ಕಾಲೇಜಿನಲ್ಲಿ ಒಂದು ವಿಚಿತ್ರ ಕೆಲಸ ಉಂಟು ಎಂದದ್ದು ನೆನಪಿದೆಯಾ? ರೋಗ ಇಲ್ಲದವರು ರೋಗಿಯ ಹಾಗೆ ಬಂದು ಕುಳಿತು, ಬರೆದುಕೊಟ್ಟ ಪ್ರಶ್ನೆ ಕೇಳಬೇಕು. ಮದ್ದಿನ ಪಾಠ ಕಲಿಯುವ ಮಕ್ಕಳು ಅದಕ್ಕೆ ಪುಸ್ತಕ, ಕಂಪ್ಯೂಟರು ಎಲ್ಲ ಹುಡುಕಿ ಕನ್ನಡದಲ್ಲಿ ಒಂದು ಚೀಟಿ ಬರೆದುಕೊಡಬೇಕು. ಮನೆಗೆ ಬಂದು ಹೇಳಿದಾಗ ಅಮ್ಮ ಬೀಡಿ ಕಟ್ಟುವುದನ್ನೇ ನಿಲ್ಲಿಸಿದರು. "ಸೌಖ್ಯ ಇಲ್ಲದವರೇ ಸೌಖ್ಯ ಉಂಟು ಅಂತ ಹೇಳಿಕೊಂಡು ತಿರುಗ್ತಾರೆ. ನೀನು ಸೌಖ್ಯ ಇದ್ದು ಇಲ್ಲ ಅಂತ ಹೇಳ್ಲಿಕ್ಕೆ ಪುತ್ತೂರಿಗೆ ಹೋಗುದಾ?"

ಮೊದಲ ಬುಧವಾರ ನನಗೆ ಎದೆಯುರಿಯ ಪಾತ್ರ. "ಉರಿ ಯಾವಾಗ ಬರುದು?" ಎಂದು ಆ ಹುಡುಗಿ ಕೇಳಿದಾಗ ಬರೆದುಕೊಟ್ಟದ್ದೆಲ್ಲ ಮರೆತು, "ಬಸ್ಸಿನಲ್ಲಿ ಬರುವಾಗ" ಎಂದುಬಿಟ್ಟೆ. ಎಲ್ಲರೂ ನಕ್ಕರು. ನೀನೂ ನಕ್ಕಿ. ಆಮೇಲೆ ಬದಿಗೆ ಕರೆದು ಹೇಳಿದಿ, "ಈ ಗೇಟಿನ ಒಳಗೆ ನಾನು ಮೇಡಂ, ನೀನು ಪೇಷಂಟು. ಹಾಳೆಯಲ್ಲಿ ಇದ್ದದ್ದಷ್ಟೇ ಹೇಳುದು. ನಮ್ಮ ಸ್ವಂತ ಮಾತೆಲ್ಲ ಬಸ್‌ಸ್ಟ್ಯಾಂಡಿನಲ್ಲಿ."

ಅಲ್ಲಿಂದ ಮುಂದೆ ನಾನು ಹಾಗೆಯೇ ಮಾಡಿದೆ. ಮಕ್ಕಳು ಹುಡುಕುತ್ತಿರುವಾಗ ಮೂಲೆಯ ಕುರ್ಚಿಯಲ್ಲಿ ಕುಳಿತು ನಿನ್ನ ಪಾಠ ಕೇಳುತ್ತಿದ್ದೆ. ಆ ಗಂಟೆಗಾಗಿ ನಾನು ವಾರವಿಡೀ ಕಾಯುತ್ತಿದ್ದೆ ಎಂದು ನಿನಗೆ ಯಾವತ್ತೂ ಹೇಳಿರಲಿಲ್ಲ. ಮದ್ದಿನ ಬಗ್ಗೆ ಯಾರು ಏನು ಹೇಳಿದರೂ ಮೊದಲು ನಾಲ್ಕು ಮಾತು ಕೇಳಬೇಕು ಎನ್ನುತ್ತಿದ್ದಿ. ಬರೆದವರು ಯಾರು? ಬರೆದದ್ದು ಯಾವ ವರ್ಷ? ಎಲ್ಲಿಂದ ತೆಗೆದದ್ದು, ಯಾವ ಪುಟ? ಬರೆದವರಿಗೆ ಅದರಿಂದ ಲಾಭ ಉಂಟಾ? "ಪುಟ ಸಂಖ್ಯೆ ಇಲ್ಲದ ಉತ್ತರಕ್ಕೆ ನಾನು ಸಹಿ ಹಾಕುದಿಲ್ಲ" ಎಂದು ನೀನು ಹೇಳುವಾಗ ನನಗೆ ಹೆಮ್ಮೆ ಆಗುತ್ತಿತ್ತು, ಇವಳು ನನ್ನ ಚಿನ್ನು ಎಂದು.

ಆ ನಾಲ್ಕು ಪ್ರಶ್ನೆ ಕಾಣಿಯೂರಿಗೂ ಬಂತು. ಒಂದು ಮದುವೆ ಮನೆಯಲ್ಲಿ ಯಾರೋ ಸಕ್ಕರೆ ಕಾಯಿಲೆಗೆ ಒಂದು ಸೊಪ್ಪಿನ ಕಷಾಯ ಎಂದು ಮೊಬೈಲಿನಲ್ಲಿ ಬಂದದ್ದನ್ನು ಓದಿ ಹೇಳುತ್ತಿದ್ದರು. ನನ್ನ ಬಾಯಿ ತಡೆಯಲಿಲ್ಲ. "ಇದು ಯಾವ ವರ್ಷ ಬರೆದದ್ದು?" ಎಂದು ಕೇಳಿದೆ. ಊಟಕ್ಕೆ ಕುಳಿತವರೆಲ್ಲ ತಿರುಗಿ ನೋಡಿದರು. ಸಂಪ್ರೀತ್, "ದಾರಿ ಬಿಡಿ, ದಾರಿ ಬಿಡಿ, ನಮ್ಮ ಏಳನೇ ಕ್ಲಾಸಿನ ಡಾಕ್ಟ್ರು ಬಂದ್ರು" ಎಂದ. ನಾಚಿಕೆಯಿಂದ ನನಗೆ ಪಾಯಸ ಸೇರಲಿಲ್ಲ. ಆದರೂ ಒಳಗೆ ಏನೋ ಸಂತೋಷ.

ಈಗ ಆಗಸ್ಟಿಗೆ ಬರುತ್ತೇನೆ.

ಅಮ್ಮನ ಕೈಗಂಟು ಬಾತದ್ದಕ್ಕೆ ಪುತ್ತೂರಿನ ರಾಧಾಕೃಷ್ಣ ಡಾಕ್ಟ್ರು ಒಂದು ಹಳದಿ ಮಾತ್ರೆ ಕೊಟ್ಟಿದ್ದರು. ಮೆಥೊಟ್ರೆಕ್ಸೇಟ್. ವಾರಕ್ಕೆ ಒಂದೇ, ಭಾನುವಾರ ಮಾತ್ರ. ನಮ್ಮ ಮನೆಯಲ್ಲಿ ಅದರ ಹೆಸರು ಐತಾರದ ಮಾತ್ರೆ. ಆಗಸ್ಟಿನಲ್ಲಿ ಎರಡು ವಾರ ಮಿದ್ಲಾಜನ ಮೆಡಿಕಲ್ಲಿನಲ್ಲಿ ಅದು ಸ್ಟಾಕ್ ಇರಲಿಲ್ಲ. ಎರಡು ಭಾನುವಾರ ತಪ್ಪಿತು. ಅಮ್ಮನ ಬೆರಳು ಮತ್ತೆ ಮಡಚಲಾಗದಷ್ಟು ಬಾತಿತು. ಹತ್ತೊಂಬತ್ತಕ್ಕೆ ಮಾತ್ರೆ ಬಂತು. ತಪ್ಪಿದ್ದನ್ನು ಈಗ ಏನು ಮಾಡುವುದು ಎಂದು ಕೇಳಿದರೆ ಮಿದ್ಲಾಜ್, "ಡಾಕ್ಟ್ರ ಹತ್ರ ಒಂದು ಮಾತು ಕೇಳಿ ಅಕ್ಕ" ಎಂದ. ಡಾಕ್ಟ್ರು ಆ ವಾರ ಊರಲ್ಲಿರಲಿಲ್ಲ. ಮರುದಿನ ಬುಧವಾರ. ಮದ್ದಿನ ಸಂಶಯ ಬಂದರೆ ಡಾಕ್ಟ್ರುಗಳೇ ಫೋನು ಮಾಡಿ ಕೇಳುವ ನಿಮ್ಮ ಕಾಲೇಜಿನ ಕೋಣೆಯಲ್ಲಿ ನಾನು ಕುಳಿತಿರುತ್ತೇನೆ, ಮತ್ತೆ ಯಾಕೆ ಕಾಯಬೇಕು ಎಂದುಕೊಂಡೆ. ಅದು ನನ್ನ ತಪ್ಪು. ಅದನ್ನು ನಾನು ಯಾರ ತಲೆಗೂ ಕಟ್ಟುವುದಿಲ್ಲ.

ಆ ದಿನ ನೀನು ಕೊಟ್ಟ ಪಾತ್ರ ರಕ್ತ ಕಡಿಮೆ ಇರುವ ಹೆಂಗಸಿನದ್ದು. ಕಬ್ಬಿಣಾಂಶದ ಮಾತ್ರೆ ಕೆಲವು ದಿನ ಮರೆತಿದ್ದಾಳೆ, ಈಗ ಏನು ಮಾಡಬೇಕು ಎಂಬುದು ಪ್ರಶ್ನೆ. ನನ್ನ ಎದುರು ಕಿಶನ್ ಮತ್ತು ಶಹನಾ ಇದ್ದರು. ಶಹನಾ ಪುಸ್ತಕ ತರಲು ಎದ್ದು ಹೋದಳು. ನಾನು ಕಿಶನ್ ಹತ್ತಿರ, ಪಾತ್ರದ ಮಾತ್ರೆಯ ಹೆಸರು ಬಿಟ್ಟು ಅಮ್ಮನ ಮಾತ್ರೆಯ ಹೆಸರು ಹೇಳಿದೆ. ಹೇಳುವಾಗ ಎರಡು ಸಲ ಬಾಗಿಲ ಕಡೆ ನೋಡಿದೆ. ಅವನು ಹೆಸರು ಬರೆದುಕೊಂಡ. ಯಾರಿಗೆ, ಯಾವ ಕಾಯಿಲೆಗೆ, ಎಷ್ಟು ವಯಸ್ಸು, ಬೇರೆ ಏನು ಮದ್ದು ಉಂಟು ಎಂದು ಫಾರಮಿನಲ್ಲಿ ಕೇಳಬೇಕಾದದ್ದು ಯಾವುದನ್ನೂ ಕೇಳಲಿಲ್ಲ. ಮೇಜಿನ ಕೆಳಗೆ ಮೊಬೈಲು ನೋಡಿದ. ಹತ್ತು ನಿಮಿಷದಲ್ಲಿ ಚೀಟಿ ತಯಾರು. "ತಪ್ಪಿದ ಮಾತ್ರೆಗಳನ್ನು ಒಟ್ಟಿಗೆ ನುಂಗಬೇಡಿ. ಇಂದಿನಿಂದ ದಿನಕ್ಕೊಂದು, ಊಟದ ನಂತರ." ಕೆಳಗೆ ದಪ್ಪ ಪುಸ್ತಕದ ಹೆಸರು, ವರ್ಷ, ಪುಟ.

"ದಿನಕ್ಕೊಂದಾ? ಇದು ವಾರಕ್ಕೊಂದಲ್ಲವಾ?" ಎಂದೆ.

"ಅಕ್ಕ, ಪುಟ ಸಮೇತ ಉಂಟು ನೋಡಿ. ಮತ್ತೆ ಒಂದು ವಿಷಯ, ಇವತ್ತು ನಿಮ್ಮ ಆಕ್ಟಿಂಗು ಭಾರೀ ಲಾಯ್ಕಾಯ್ತು. ನಿಜವಾದ ಗಾಬರಿಯ ಹಾಗೆಯೇ ಕಂಡಿತು!"

ಮಧ್ಯಾಹ್ನ ಕ್ಯಾಂಟೀನಿನಲ್ಲಿ ನೀನು ಚಹಾ ಕುಡಿಯುತ್ತಾ ಇಪ್ಪತ್ತು ಚೀಟಿಗೂ ಸಾಲಾಗಿ ಸಹಿ ಹಾಕಿದಿ. ನಾನು ನೋಡುತ್ತಿದ್ದೆ, ನನ್ನ ಚೀಟಿಯನ್ನು ತೆಗೆದು ಚೀಲಕ್ಕೆ ಹಾಕಿಕೊಂಡೆ. ಸಂಜೆ ಬಸ್‌ಸ್ಟ್ಯಾಂಡಿಗೆ ನಡೆಯುವಾಗ, ಹಾಳೆಯ ಹೊರಗಿನ ಪ್ರಶ್ನೆ ಕೇಳಿದ್ದಕ್ಕೆ ಬೈಯುತ್ತಿಯೇನೋ ಎಂಬ ಹೆದರಿಕೆಯಲ್ಲಿ ಸುತ್ತು ಬಳಸಿ ಕೇಳಿದೆ, "ಇವತ್ತಿನ ಚೀಟಿ ಎಲ್ಲ ಸರಿ ಇತ್ತಾ?" ನೀನು ನನ್ನ ಕೆನ್ನೆ ಚಿವುಟಿ, "ಸರಿ ಇಲ್ಲದ್ದಕ್ಕೆ ನಾನು ಸಹಿ ಹಾಕ್ತೇನಾ ಮಾರಾಯ್ತಿ?" ಎಂದಿ.

ಮನೆಗೆ ಬಂದು ನಾನು ಏನು ಮಾಡಿದೆ ಗೊತ್ತಾ? ನಿನ್ನ ನಾಲ್ಕು ಪ್ರಶ್ನೆಯನ್ನು ಆ ಚೀಟಿಗೇ ಕೇಳಿದೆ. ಬರೆದವರು ಉಂಟು. ವರ್ಷ ಉಂಟು. ಪುಟ ಉಂಟು. ಲಾಭ ಯಾರಿಗೂ ಇಲ್ಲ. ಮೇಲಿಂದ ನಿನ್ನ ಸಹಿ. ಎರಡು ವಾರ ತಪ್ಪಿದ್ದಕ್ಕೆ ಈಗ ದಿನಾ ಕೊಟ್ಟು ಸರಿ ಮಾಡುವುದಿರಬೇಕು ಎಂದು ಅರ್ಥ ಮಾಡಿಕೊಂಡೆ. ನಿನ್ನ ಪಾಠವನ್ನು ಕೇಳದೇ ಇದ್ದಿದ್ದರೆ ನಾನು ಆ ಕಾಗದವನ್ನು ಅಷ್ಟು ನಂಬುತ್ತಿರಲಿಲ್ಲ ಚಿನ್ನೂ. ಡಾಕ್ಟ್ರು ಬರುವ ತನಕ ಸುಮ್ಮನೆ ಕಾಯುತ್ತಿದ್ದೆ.

ಗುರುವಾರದಿಂದ ಶುರು ಮಾಡಿದೆ. ಚೌತಿಯ ದಿನ ಅಮ್ಮನಿಗೆ ಕಡುಬು ಬಾಯಿಗಿಡಲಾಗಲಿಲ್ಲ. ಬಾಯಿಯೆಲ್ಲ ಹುಣ್ಣು. ಉಷ್ಣ ಇರಬೇಕು ಎಂದು ಪುನರ್ಪುಳಿ ಶರಬತ್ತು ಮಾಡಿಕೊಟ್ಟೆ. ಅದು ತಾಗಿದಾಗ ಅವರು ಕಿರುಚಿದ್ದು ಈಗಲೂ ನನ್ನ ಕಿವಿಯಲ್ಲಿದೆ. ಶರಬತ್ತು ಚೆಲ್ಲಿ ಮಜ್ಜಿಗೆ ಕೊಟ್ಟೆ. ಊಟವಾದ ಮೇಲೆ ಮತ್ತೆ ಅದೇ ಮಾತ್ರೆಯನ್ನೂ ಕೊಟ್ಟೆ. ಹತ್ತು ದಿನಕ್ಕೆ ಪಟ್ಟಿ ಮುಗಿಯಿತು. ಅಷ್ಟರಲ್ಲಿ ಜ್ವರ, ಕೈಕಾಲಿನಲ್ಲಿ ಅಲ್ಲಲ್ಲಿ ನೀಲಿ ಕಲೆ. ಹನ್ನೊಂದನೇ ದಿನ ಬೆಳಿಗ್ಗೆ ಹೊಸ ಪಟ್ಟಿಗೆ ಹೋದರೆ ಮಿದ್ಲಾಜ್ ನನ್ನ ಮುಖವನ್ನೇ ನೋಡಿದ. "ಅಕ್ಕ, ಹತ್ತು ವಾರಕ್ಕೆ ಬರುವ ಮಾತ್ರೆ ಇದು. ಎಲ್ಲಿ ಹೋಯ್ತು?" ನಾನು ಹೇಳಿದೆ. ಅವನು ಅಂಗಡಿಯನ್ನು ಹಾಗೆಯೇ ಬಿಟ್ಟು ತನ್ನ ಕಾರು ತಂದ.

ಮಂಗಳೂರಿನ ಆಸ್ಪತ್ರೆಯಲ್ಲಿ ಹದಿನೇಳು ದಿನ. ಮೊದಲ ನಾಲ್ಕು ದಿನ ಏನೂ ಹೇಳಲಾಗುವುದಿಲ್ಲ ಎಂದಿದ್ದರು. ಐದನೇ ದಿನ ಶಹನಾ ಬಂದಳು. ನಾನು ಅವಳಿಗೆ ಚೀಟಿ ತೋರಿಸಿದೆ. ಅವಳು ಪುಟದ ಸಂಖ್ಯೆ ಅಂಗೈಯಲ್ಲಿ ಬರೆದುಕೊಂಡು ಹೋಗಿ, ಮರುದಿನ ಫೋನು ಮಾಡಿ ಅತ್ತಳು. "ಅಕ್ಕ, ಆ ಪುಟದಲ್ಲಿ ಇರುದು ಕಬ್ಬಿಣದ ಮಾತ್ರೆಯ ವಿಷಯ. ಬುಧವಾರದ ಪ್ರಶ್ನೆಗಳು ಮೂರು ವರ್ಷದಿಂದ ಅವೇ. ಸೀನಿಯರ್‌ಗಳ ಉತ್ತರ ಎಲ್ಲ ನಮ್ಮ ಗ್ರೂಪಿನಲ್ಲಿ ಉಂಟು. ಅವನು ನೀವು ಹೇಳಿದ ಹೆಸರು ಮೇಲೆ ಬರೆದು ಕೆಳಗೆ ಹಳೇ ಉತ್ತರ ಇಳಿಸಿದ್ದು. ಹೇಗೂ ಇದು ನಾಟಕ ಅಲ್ವಾ ಅಂತ ಅವನ ಎಣಿಕೆ." ತಾನು ಎಲ್ಲಿ ಬೇಕಾದರೂ ಬಂದು ಹೇಳುತ್ತೇನೆ ಎಂದಳು. ನಾನೇ ಬೇಡ ಎಂದೆ. ಅವಳ ಮಾರ್ಕು ನಿನ್ನ ಕೈಯಲ್ಲಿದೆ, ಮುಂದಿನ ವರ್ಷ ಅವಳಿಗೆ ಪರೀಕ್ಷೆ ಇದೆ.

ಆಮೇಲೆ ನೀನು ಬಂದಿ. ಕಿತ್ತಳೆ ತಂದಿದ್ದಿ. ಅಮ್ಮನಿಗೆ ತಿನ್ನಲಾಗದು ಎಂದು ಗೊತ್ತಾಗಿ ಚೀಲವನ್ನು ಕುರ್ಚಿಯ ಕೆಳಗೆ ತಳ್ಳಿದಿ. ಹೊರಗಿನ ಬೆಂಚಿನಲ್ಲಿ ನನ್ನ ಕೈ ಹಿಡಿದು ಅತ್ತಿ. ನಾನೂ ಅತ್ತೆ. ನಿನ್ನನ್ನು ಸಮಾಧಾನ ಮಾಡಿದ್ದು ನಾನೇ. ರಾಧಾಕೃಷ್ಣ ಡಾಕ್ಟ್ರು ಕಾಲೇಜಿಗೆ ಕಾಗದ ಬರೆದಿದ್ದಾರೆ, ಮೀಟಿಂಗು ಉಂಟು, ನಿನ್ನ ಕೆಲಸ ಖಾಯಂ ಆಗುವ ಹೊತ್ತು ಎಂದಿ.

"ಚೀಟಿ ನಿನ್ನ ಹತ್ರ ಉಂಟಾ? ಕೊಡು, ಮೀಟಿಂಗಿನಲ್ಲಿ ತೋರಿಸಬೇಕು."

ಕೊಟ್ಟೆ. ಅದು ಮೀಟಿಂಗಿನಲ್ಲಿ ಯಾರ ಕಣ್ಣಿಗೂ ಬೀಳಲಿಲ್ಲ ಎಂದು ಶಹನಾ ಆಮೇಲೆ ಹೇಳಿದಳು.

"ಇನ್ನು ನೀನೂ ನಾಲ್ಕು ಗೆರೆ ಬರೆದುಕೊಡು ಪ್ರೀತಿ. ನಿನ್ನ ಅಕ್ಷರ ಚಂದ ಉಂಟಲ್ಲ, ನಾನು ಹೇಳ್ತೇನೆ. ಬರೀ ಫೈಲಿಗೆ. ನಿಮ್ಮ ಮನೆಯವರಿಗೆ ಗೊತ್ತಾಗ್ಲಿಕ್ಕೇ ಇಲ್ಲ."

ನೀನು ಹೇಳಿದಿ, ನಾನು ಬರೆದೆ. "ಚೀಟಿಯಲ್ಲಿ ವಾರಕ್ಕೊಂದು ಎಂದು ಬರೆದಿತ್ತು. ನನಗೆ ವಿದ್ಯಾಭ್ಯಾಸ ಕಡಿಮೆ. ಸರಿಯಾಗಿ ಓದಲು ಬಾರದೆ ದಿನಕ್ಕೊಂದು ಎಂದು ತಿಳಿದೆ." ಓದಲು ಬಾರದೆ ಎಂಬಲ್ಲಿ ಪೆನ್ನು ನಿಲ್ಲಿಸಿ ನಿನ್ನನ್ನು ನೋಡಿದೆ. ನೀನು ಮೊಬೈಲು ನೋಡುತ್ತಿದ್ದಿ. ಆ ಐದು ವರ್ಷದ ಶನಿವಾರಗಳು ನನಗೆ ನೆನಪಾದವು. ಅಷ್ಟು ತಂದುಕೊಟ್ಟವಳಿಗೆ ಇಷ್ಟು ಬರೆದುಕೊಡಬಾರದಾ ಎಂದು ಬರೆದು ಮುಗಿಸಿ ಸಹಿ ಹಾಕಿದೆ. ಆ ಕಾಗದದಲ್ಲಿ ಒಂದು ಕಾಗುಣಿತದ ತಪ್ಪೂ ಇಲ್ಲ. ಓದಲು ಬಾರದವಳು ಹೀಗೆ ಬರೆಯುತ್ತಾಳಾ ಎಂದು ಮೀಟಿಂಗಿನಲ್ಲಿ ಯಾರೂ ಕೇಳಲಿಲ್ಲವಂತೆ.

ಕಾಲೇಜಿನವರು ಅದರ ಪ್ರತಿಯನ್ನು ಡಾಕ್ಟ್ರಿಗೆ ಕಳುಹಿಸಿದರು. ಅಮ್ಮನನ್ನು ತೋರಿಸಲು ಪುತ್ತೂರಿಗೆ ಹೋದ ದಿನ ಡಾಕ್ಟ್ರು ಅದನ್ನು ಮೇಜಿನ ಮೇಲಿಟ್ಟುಕೊಂಡು, ನನ್ನನ್ನು ಬೈಯದೆ, ಬಹಳ ಮೆತ್ತಗೆ ಸಂಪ್ರೀತನಿಗೆ ಹೇಳಿದರು. "ಪಾಪ, ಅವರದ್ದು ತಪ್ಪಲ್ಲ. ಓದ್ಲಿಕ್ಕೆ ಕಷ್ಟ ಇರುವವರ ಕೈಯಲ್ಲಿ ಈ ಮದ್ದೆಲ್ಲ ಕೊಡಬಾರ್ದು. ಇನ್ನು ನೀವೇ ನೋಡಿಕೊಳ್ಳಿ." ಅಮ್ಮನ ಫೈಲಿನಲ್ಲೂ ಹಾಗೆಯೇ ಬರೆದರು. ಅಮ್ಮ ಪಕ್ಕದ ಕುರ್ಚಿಯಲ್ಲೇ ಕುಳಿತಿದ್ದರು. ನಾನು ಬಾಯಿ ತೆರೆದೆ. ಹ್ಞೂಂ ಎಂದು ಮಾತ್ರ ಬಂತು.

ಸಂಪ್ರೀತ್ ಬಸ್ಸಿನಲ್ಲಿ, "ಅಕ್ಕ, ಗೊತ್ತಾಗದಿದ್ರೆ ನನ್ನ ಹತ್ರ ಓದಿಸಬಹುದಿತ್ತಲ್ಲ" ಎಂದ. ಅವನಿಗೆ ಅಕ್ಷರ ಕಲಿಸಿದ್ದು ನಾನು. ಮನೆಗೆ ಬಂದು ನಡೆದದ್ದನ್ನು ಹೇಳಿದೆ. "ಹಾಗಾದ್ರೆ ಆ ಕಾಗದ ನಿನ್ನ ಕೈಯಿಂದಲೇ ಯಾಕೆ ಬರೆದುಕೊಟ್ಟದ್ದು?" ಎಂದು ಕೇಳಿದ. ಬರೆದವರು ಯಾರು ಎಂದರೆ ನಾನೇ. ಚೀಟಿ ತೋರಿಸು ಎಂದರೆ ನನ್ನ ಕೈಯಲ್ಲಿ ಇಲ್ಲ.

ಕಿಶನ್ ಮೇಲೆ ನನಗೆ ಅಷ್ಟು ಸಿಟ್ಟಿಲ್ಲ. ಅವನು ಹುಡುಗ, ನನ್ನನ್ನು ನಾಟಕದವಳು ಎಂದೇ ತಿಳಿದಿದ್ದ. ಮೊನ್ನೆ ಬಸ್‌ಸ್ಟ್ಯಾಂಡಿನಲ್ಲಿ ಸಿಕ್ಕಿದವನು ಕಂಬದ ಹಿಂದೆ ಹೋಗಿ ನಿಂತ. ನಿನಗೆ ನಾನು ಯಾರು ಎಂದು ಗೊತ್ತಿತ್ತು. ಚೀಟಿ ನೋಡದೆ ಸಹಿ ಹಾಕಿದ್ದನ್ನೂ ನಾನು ಮರೆತೇನು. ಇಪ್ಪತ್ತು ಚೀಟಿ, ಚಹಾ ಆರುತ್ತಿತ್ತು, ಮನುಷ್ಯರಿಗೆ ಆಗುವುದೇ. ಆ ಬೆಂಚಿನಲ್ಲಿ ಕುಳಿತು, ನನ್ನ ಕೈ ಹಿಡಿದುಕೊಂಡೇ, ಇವಳಿಗೆ ಓದಲು ಬರುವುದಿಲ್ಲ ಎಂದು ನನ್ನಿಂದಲೇ ಬರೆಸಿದಿಯಲ್ಲ, ಅದು ನನಗೆ ನುಂಗಲಾಗುತ್ತಿಲ್ಲ.

ಇನ್ನು ಬುಧವಾರಕ್ಕೆ ನಾನು ಬರುವುದಿಲ್ಲ. ಪಾತ್ರಕ್ಕೆ ಬೇರೆ ಯಾರನ್ನಾದರೂ ನೋಡಿಕೋ. ಪ್ರಶ್ನೆಗಳನ್ನು ಬದಲಿಸು, ಇದು ನನ್ನ ಮಾತಲ್ಲ, ಶಹನಾಳ ಮಾತು. ಬರುವವರಿಗೆ ಮೊದಲೇ ಹೇಳು, ಇಲ್ಲಿಯ ಚೀಟಿಯನ್ನು ಮನೆಗೆ ಒಯ್ಯಬೇಡಿ ಎಂದು. ನನಗೆ ಅದನ್ನು ಯಾರೂ ಹೇಳಿರಲಿಲ್ಲ.

ನಾನು ಕೇಳಿದ ಉಪಕಾರವನ್ನು ಮರೆಯಬೇಡ. ಬರುವ ಭಾನುವಾರ ಆದರೂ ಸರಿ. ಸಂಪ್ರೀತ್ ಮನೆಯಲ್ಲಿ ಇರುತ್ತಾನೆ ಎಂದು ಸಂಕೋಚವಾದರೆ ಅವನು ಇಲ್ಲದ ಹೊತ್ತಿಗೆ ಬಾ. ಬರೆದುಕೊಡುವುದೇನೂ ಬೇಡ, ಬಾಯಲ್ಲಿ ಹೇಳಿದರೆ ಸಾಕು. ನಿನ್ನ ಕೆಲಸ ಖಾಯಂ ಆಗಲಿ. ನಿನ್ನ ಕೈಯಲ್ಲಿ ಕಲಿತ ಮಕ್ಕಳಿಂದ ನಾಲ್ಕು ಜನಕ್ಕೆ ಒಳ್ಳೆಯದಾಗಲಿ. ಇದನ್ನು ಮನಸ್ಸಿಟ್ಟೇ ಬರೆಯುತ್ತಿದ್ದೇನೆ. ದೇವಕಿಯಮ್ಮನಿಗೆ, ಯಜ್ಞೇಶ್ವರ ಮಾವನಿಗೆ ನನ್ನ ನಮಸ್ಕಾರ ತಿಳಿಸು.

ನಿನ್ನ,
ಪ್ರೀತಿಕಾ

ಮಡಚುವ ಮೊದಲು ಇನ್ನೊಂದು ವಿಷಯ. ಬರೆಯಬಾರದು ಅಂದುಕೊಂಡಿದ್ದೆ, ಆಗುತ್ತಿಲ್ಲ.

ನಾಲ್ಕನೇ ಮೆಸೇಜಿನಲ್ಲಿ ನೀನು ಹೊಸ ಪಾತ್ರದ ಹಾಳೆಯ ಫೋಟೋ ಕಳುಹಿಸಿದ್ದಿಯಲ್ಲ, "ಇದು ನಿನಗೆ ಸುಲಭ, ಬುಧವಾರ ಬಾ" ಎಂದು. ನಿನ್ನದೇ ಅಕ್ಷರ. "ಹೆಂಗಸು, ೨೮ ವರ್ಷ, ಏಳನೇ ತರಗತಿ. ತಾಯಿಗೆ ವಾರಕ್ಕೊಮ್ಮೆ ಕೊಡಬೇಕಾದ ಮಾತ್ರೆಯನ್ನು ಚೀಟಿ ತಪ್ಪಾಗಿ ಓದಿ ದಿನಾ ಕೊಟ್ಟಿದ್ದಾಳೆ. ಪಾತ್ರಧಾರಿ 'ವಾರಕ್ಕೊಂದು' ಎಂಬ ಚೀಟಿಯನ್ನು ತಡವರಿಸುತ್ತಾ, ಅಕ್ಷರ ಕೂಡಿಸಿ ಓದಬೇಕು."

ನಿನ್ನೆ ಮಧ್ಯಾಹ್ನ ಉದಯಣ್ಣ ಮಾತ್ರೆ ಕೊಟ್ಟು ಹೋದ ಮೇಲೆ ನಾನು ಜಗಲಿಯಲ್ಲಿ ಕುಳಿತು, ನಿನ್ನ ಕಣ್ಣಿಗೆ ನಾನು ಹೇಗೆ ಕಾಣುತ್ತೇನೆ ಎಂದು ನೋಡೋಣ ಅನಿಸಿ, ಹಾಗೆಯೇ ಓದಿದೆ. ಗಟ್ಟಿಯಾಗಿ. ವಾ, ರ, ಕ್ಕೊಂ, ದು. ಎರಡು ಸಲ ಓದಿದೆ.

ಅಮ್ಮ ಈ ವಿಷಯದಲ್ಲಿ ಇದುವರೆಗೆ ನನ್ನ ಹತ್ತಿರ ಒಂದು ಮಾತೂ ಆಡಿರಲಿಲ್ಲ. ಅವರಾದರೂ ನನ್ನನ್ನು ನಂಬಿದ್ದಾರೆ, ಅದಕ್ಕೇ ಸುಮ್ಮನಿದ್ದಾರೆ ಎಂದು ನಾನು ಎರಡು ತಿಂಗಳಿನಿಂದ ತಿಳಿದುಕೊಂಡಿದ್ದೆ. ನಿನ್ನೆ ಅವರು ಒಳಗಿನಿಂದ, ಸ್ವಲ್ಪವೂ ಸಿಟ್ಟಿಲ್ಲದೆ ಹೇಳಿದರು:

"ಅವತ್ತೂ ಹೀಗೆ ಸಾವಕಾಶ ಓದಿದ್ರೆ ಆಗ್ತಿತ್ತಲ್ಲ ಮಗಾ."